ಜೋಳದ ರೊಟ್ಟಿ, ಲ್ಯೂಸಿನ್ ಮತ್ತು ಕಣ್ಣು: ಬೀದರ್ ಸೀಮೆಯ ಆಹಾರ ಚರಿತ್ರೆಯ ಒಂದು ಅಧ್ಯಾಯ

ಬೀದರ್ ಪರಿಸರದ ಚರಿತ್ರೆಯೆಂದರೆ ಕೋಟೆ, ಮದರಸಾ, ಗುಂಬಜುಗಳ ಚರಿತ್ರೆ ಎಂಬ ಭಾವನೆ ಬಲವಾಗಿ ಬೇರೂರಿದೆ. ಜನಸಾಮಾನ್ಯರ ಊಟದ ತಟ್ಟೆಗೂ ಒಂದು ಚರಿತ್ರೆಯಿದೆ ಎಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಇದೇ ಜಿಲ್ಲೆಯ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಭಕ್ಷ್ಯಭೋಜ್ಯಗಳನ್ನು ವಿಸ್ತಾರವಾಗಿ ವರ್ಣಿಸುತ್ತದೆಯಾದರೂ ಅದು ಅರಮನೆಯ ಅಡುಗೆ. ಒಕ್ಕಲಿಗನ ಊಟವು ದೇಹದ ಮೇಲೆ ಉಳಿಸಿದ ಗುರುತುಗಳನ್ನು ವೈದ್ಯಕೀಯ ಚರಿತ್ರೆಯಲ್ಲಿ ಹುಡುಕಬೇಕಾಗುತ್ತದೆ. ಪ್ರಸ್ತುತ ಪ್ರಬಂಧದಲ್ಲಿ ಅಂತಹ ಒಂದು ಎಳೆಯನ್ನು, ಅಂದರೆ ಆಹಾರದ ಅಮೈನೊ ಆಮ್ಲಗಳಿಗೂ ರೋಗಕ್ಕೂ ಇರುವ ಸಂಬಂಧವನ್ನು ಪರಿಶೀಲಿಸಲಾಗಿದೆ.

ಪ್ರದೇಶ ಮತ್ತು ಆಹಾರ

1724ರ ನಂತರ ನಿಜಾಮರ ಆಳ್ವಿಕೆಗೆ ಒಳಪಟ್ಟ ಬೀದರ್ 1948ರವರೆಗೂ ಹೈದರಾಬಾದ್ ಸಂಸ್ಥಾನದ ಭಾಗವಾಗಿತ್ತು. 1956ರ ನವೆಂಬರ್ 1ರಂದು ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ತಾಲೂಕುಗಳು ಮೈಸೂರು ರಾಜ್ಯವನ್ನು ಸೇರಿದವು. ಆಡಳಿತದ ಗಡಿಗಳು ಬದಲಾದರೂ ಊಟದ ಕ್ರಮ ಬೇಗನೆ ಬದಲಾಗಲಿಲ್ಲ. ಬೀದರ್-ಔರಾದ್ ಮಾರ್ಗದ ಜನವಾಡದಿಂದ ಮೊದಲ್ಗೊಂಡು ಮಾಂಜ್ರಾ ನದಿಯ ಆಚೀಚೆಯ ಹಳ್ಳಿಗಳವರೆಗೆ ಜೋಳದ ರೊಟ್ಟಿಯೇ ಪ್ರಧಾನ ಆಹಾರವಾಗಿತ್ತು. ಜೋಳದೊಡನೆ ತೊಗರಿ, ಉದ್ದು, ಹೆಸರು, ಕಡಲೆಗಳೂ ಈ ನೆಲದ ಬೆಳೆಗಳೇ.

ಈ ಜೊತೆಗಾರಿಕೆಗೆ ಪೌಷ್ಟಿಕ ಮಹತ್ವವಿದೆ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಲ್ಯೂಸಿನ್ ಅಧಿಕ. ಬೇಳೆಕಾಳುಗಳಲ್ಲಿ ಲೈಸಿನ್ ಸಮೃದ್ಧವಾಗಿದ್ದು ಮೆಥಿಯೊನಿನ್ ಕಡಿಮೆ. ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತದೆ. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಉಣ್ಣುವ ಭಜ್ಜಿ, ರೊಟ್ಟಿ, ಅಂಬಲಿಗಳಲ್ಲಿ ಧಾನ್ಯ ಮತ್ತು ಕಾಳುಗಳ ಈ ಕೂಡುವಿಕೆ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಹಬ್ಬದ ಊಟ ಬೇರೆ, ಬಡವನ ದಿನನಿತ್ಯದ ಊಟ ಬೇರೆ. ಕಾಳನ್ನು ಮಾರಿ ರೊಟ್ಟಿಯನ್ನು ಖಾರದೊಡನೆ ತಿಂದು ದಿನ ಕಳೆದವರಿಗೆ ಈ ಸಮತೋಲನ ದಕ್ಕಲಿಲ್ಲ.

ಪೆಲ್ಲಾಗ್ರದ ಶೋಧ

ಆ ಕೊರತೆಯ ಒಂದು ರೂಪವೇ ಪೆಲ್ಲಾಗ್ರ. ಬಿಸಿಲು ಬೀಳುವ ಚರ್ಮ ಕಪ್ಪಾಗಿ ಒಡೆಯುವುದು, ಭೇದಿ, ಮನೋವಿಕಲತೆ ಇದರ ಲಕ್ಷಣಗಳು. ಸ್ಪೇನಿನಲ್ಲಿ ಗಾಸ್ಪರ್ ಕಸಾಲ್ 1735ರಲ್ಲಿ ಗುರುತಿಸಿದ ಈ ರೋಗವು ಮೆಕ್ಕೆಜೋಳ ತಿನ್ನುವವರ ರೋಗವೆಂದು ಪ್ರಸಿದ್ಧವಾಗಿತ್ತು. ನಿಯಾಸಿನ್ ಕೊರತೆಯೇ ಇದಕ್ಕೆ ಕಾರಣವೆಂದು 1937ರ ನಂತರ ಖಚಿತವಾಯಿತು. ದೇಹವು ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದಲೂ ನಿಯಾಸಿನ್ ತಯಾರಿಸಿಕೊಳ್ಳುತ್ತದೆ; 1 ಮಿ.ಗ್ರಾಂ. ನಿಯಾಸಿನ್‌ಗೆ ಸುಮಾರು 60 ಮಿ.ಗ್ರಾಂ. ಟ್ರಿಪ್ಟೊಫ್ಯಾನ್ ಬೇಕು.

ದಖನ್ ಪ್ರಸ್ಥಭೂಮಿಯಲ್ಲಿ ಮೆಕ್ಕೆಜೋಳವಲ್ಲ, ಜೋಳ ತಿನ್ನುವ ಬಡವರಲ್ಲಿ ಪೆಲ್ಲಾಗ್ರ ಕಾಣಿಸಿಕೊಂಡದ್ದು ವಿಜ್ಞಾನಿಗಳಿಗೆ ಸಮಸ್ಯೆಯಾಯಿತು. ಕೂನೂರಿನಲ್ಲಿದ್ದ ಪೌಷ್ಟಿಕತಾ ಸಂಶೋಧನಾಲಯವು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡಿತು. 1969ರಲ್ಲಿ ಅದೇ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯಾಯಿತು. ಅಲ್ಲಿನ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಾಂತಯ್ಯ 1960ರಲ್ಲಿ, ಜೋಳದ ಅಧಿಕ ಲ್ಯೂಸಿನ್ ಟ್ರಿಪ್ಟೊಫ್ಯಾನ್-ನಿಯಾಸಿನ್ ಕ್ರಿಯೆಗೆ ಅಡ್ಡಿಯಾಗುತ್ತದೆಂಬ ವಾದವನ್ನು ಮಂಡಿಸಿದರು. ಈ ವಾದವನ್ನು ಬೇರೆ ಪ್ರಯೋಗಾಲಯಗಳು ಪೂರ್ಣವಾಗಿ ಸಮರ್ಥಿಸಲಿಲ್ಲ. ಆದರೂ ಆಹಾರದಲ್ಲಿ ಒಂದು ಪದಾರ್ಥ ಎಷ್ಟಿದೆ ಎಂಬುದಷ್ಟೇ ಅಲ್ಲ, ಯಾವುದರೊಡನೆ ಯಾವ ಪ್ರಮಾಣದಲ್ಲಿದೆ ಎಂಬುದೂ ಮುಖ್ಯವೆಂಬ ಅರಿವನ್ನು ಅದು ಮೂಡಿಸಿತು. ಆಹಾರದಲ್ಲಿ ವೈವಿಧ್ಯ ಹೆಚ್ಚಿದಂತೆ ಪೆಲ್ಲಾಗ್ರ ವಿರಳವಾಯಿತು.

ಮಧುಮೇಹ ಮತ್ತು ಅಕ್ಷಿಪಟಲ

ಅದೇ ಲ್ಯೂಸಿನ್ ಅರ್ಧ ಶತಮಾನದ ನಂತರ ಮತ್ತೊಂದು ರೋಗದ ಚರ್ಚೆಯಲ್ಲಿ ಕಾಣಿಸಿಕೊಂಡಿತು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ ಆಧಾರದಿಂದ 2011ರಲ್ಲಿ ಪ್ರಕಟವಾದ ಸಂಶೋಧನೆಯಂತೆ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್, ಟೈರೊಸಿನ್, ಫಿನೈಲಲನಿನ್‌ಗಳ ರಕ್ತಮಟ್ಟ ಅಧಿಕವಿರುವವರಲ್ಲಿ ವರ್ಷಗಳ ನಂತರ ಮಧುಮೇಹ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಅಕ್ಷಿಪಟಲ ರೋಗವುಳ್ಳ ಮಧುಮೇಹಿಗಳ ರಕ್ತದಲ್ಲಿ ಅರ್ಜಿನೈನ್ ಮತ್ತು ಟ್ರಿಪ್ಟೊಫ್ಯಾನ್ ಸಂಬಂಧಿತ ಪದಾರ್ಥಗಳ ವ್ಯತ್ಯಾಸಗಳೂ ವರದಿಯಾಗಿವೆ. ಪೆಲ್ಲಾಗ್ರದ ಕಥೆಯ ಟ್ರಿಪ್ಟೊಫ್ಯಾನ್ ಇಲ್ಲಿಯೂ ಬರುವುದು ಗಮನಾರ್ಹ.

ಇಲ್ಲಿ ಒಂದು ಎಚ್ಚರ ಅವಶ್ಯ. ರಕ್ತದಲ್ಲಿನ ಮಟ್ಟವೇ ತಟ್ಟೆಯಲ್ಲಿನ ಪ್ರಮಾಣವಲ್ಲ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಈ ಅಮೈನೊ ಆಮ್ಲಗಳು ಕರಗುವುದು ನಿಧಾನವಾಗಿ ರಕ್ತದಲ್ಲಿ ಉಳಿಯುತ್ತವೆ. ಅಂದಮೇಲೆ ಅವು ರೋಗದ ಕಾರಣವಾಗಿರುವಂತೆಯೇ ರೋಗದ ಕುರುಹೂ ಆಗಿರಬಹುದು. ಆದ್ದರಿಂದ ಜೋಳವನ್ನಾಗಲೀ ಬೇಳೆಯನ್ನಾಗಲೀ ಕಣ್ಣಿನ ಶತ್ರುವೆಂದು ಸಾರುವುದು ಆಧಾರರಹಿತ. ದೃಢಪಟ್ಟಿರುವ ಸಂಗತಿಗಳು ಬೇರೆ: ರಕ್ತದ ಸಕ್ಕರೆಯ ಕಟ್ಟುನಿಟ್ಟಾದ ನಿಯಂತ್ರಣದಿಂದ ಅಕ್ಷಿಪಟಲ ರೋಗ ತಗ್ಗುತ್ತದೆಂದು 1993 ಹಾಗೂ 1998ರಲ್ಲಿ ಪ್ರಕಟವಾದ ಅಮೆರಿಕ ಮತ್ತು ಬ್ರಿಟನ್ನಿನ ದೊಡ್ಡ ಪ್ರಯೋಗಗಳು ತೋರಿಸಿದವು. ರಕ್ತದೊತ್ತಡದ ಹತೋಟಿಯೂ ಅಷ್ಟೇ ಅಗತ್ಯ. ಈ ರೋಗವು ಆರಂಭದಲ್ಲಿ ಯಾವ ಸೂಚನೆಯನ್ನೂ ಕೊಡದಿರುವುದರಿಂದ, ದೃಷ್ಟಿ ಚೆನ್ನಾಗಿರುವಾಗಲೇ ವರ್ಷಕ್ಕೊಮ್ಮೆ ಅಕ್ಷಿಪಟಲವನ್ನು ಪರೀಕ್ಷಿಸಬೇಕಾಗುತ್ತದೆ.

ಉಪಸಂಹಾರ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ಸಮೀಕ್ಷಾ ವರದಿಯು ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿದೆ. ಕುಳಿತ ಸುಖ, ಅತಿನಿದ್ರೆ, ಮೊಸರು, ಹೊಸ ಧಾನ್ಯ, ಬೆಲ್ಲದ ಪದಾರ್ಥಗಳನ್ನು ಪ್ರಮೇಹಕ್ಕೆ ಕಾರಣವೆಂದ ಚರಕಸಂಹಿತೆಯ ಕಾಲದಲ್ಲಿ ಇದು ಉಳ್ಳವರ ರೋಗವೆನಿಸಿತ್ತು; ಇಂದು ಹಾಗಿಲ್ಲ. ಒಂದು ಕಾಲಕ್ಕೆ ಕೊರತೆಯಿಂದ ನರಳಿದ ಸೀಮೆಗಳೂ ಈಗ ಈ ರೋಗದ ವ್ಯಾಪ್ತಿಯೊಳಗೆ ಬಂದಿವೆ.

ಪೆಲ್ಲಾಗ್ರದ ಚರಿತ್ರೆಯಿಂದ ದೊರೆಯುವ ಪಾಠವೆಂದರೆ ದೋಷವನ್ನು ಒಂದೇ ಧಾನ್ಯದ ತಲೆಗೆ ಕಟ್ಟಬಾರದೆಂಬುದು. ಅಂದು ಬಡವನನ್ನು ಕೆಡಿಸಿದ್ದು ರೊಟ್ಟಿಯಲ್ಲ, ರೊಟ್ಟಿಯ ಪಕ್ಕದಲ್ಲಿ ಏನೂ ಇಲ್ಲದಿದ್ದುದು. ಇಂದು ಕಣ್ಣನ್ನು ಕಳೆಯುತ್ತಿರುವುದು ಒಂದು ಅಮೈನೊ ಆಮ್ಲಕ್ಕಿಂತ ಮಿಗಿಲಾಗಿ ಪತ್ತೆಯಾಗದ ಸಕ್ಕರೆ ಮತ್ತು ತಡವಾದ ತಪಾಸಣೆ. ಜನವಾಡದಂತಹ ಹಳ್ಳಿಗಳ ಊಟ, ಬೆಳೆ, ರೋಗಗಳ ದಾಖಲೆಯನ್ನು ಹಿರಿಯರ ನೆನಪು ಮಾಸುವ ಮುನ್ನ ಸಂಗ್ರಹಿಸುವುದು ಚರಿತ್ರಕಾರರಿಗೂ ವೈದ್ಯರಿಗೂ ಸಮಾನವಾದ ಹೊಣೆಯಾಗಿದೆ.