ಕೆಆರ್‌ಒಎನ್-ಟಿವಿ

ಕೆಆರ್‌ಒಎನ್-ಟಿವಿ (ವಾಹಿನಿ 4) ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿರುವ ಸ್ಯಾನ್ ಫ್ರಾನ್ಸಿಸ್ಕೊ ನಗರದ ಸ್ಥಳೀಯ ದೂರದರ್ಶನ ಕೇಂದ್ರ. ಅಮೆರಿಕದಲ್ಲಿ ಕೇಂದ್ರದ ಒಡೆತನವೂ ರಾಷ್ಟ್ರೀಯ ಜಾಲದೊಂದಿಗಿನ ಅದರ ಸಂಯೋಜನೆಯೂ ಬೇರೆ ಬೇರೆ ವಿಷಯಗಳು. ಅನೇಕ ಕೇಂದ್ರಗಳು ಬೇರೊಂದು ಸಂಸ್ಥೆಯ ಒಡೆತನದಲ್ಲಿದ್ದು, ನಿಗದಿತ ಅವಧಿಯ ಒಪ್ಪಂದದಂತೆ ಜಾಲದ ಕಾರ್ಯಕ್ರಮಗಳನ್ನು ಪ್ರಸಾರ ಮಾಡುತ್ತವೆ. ಒಪ್ಪಂದ ಮುರಿದರೆ ಕೇಂದ್ರದ ಮೌಲ್ಯ ಎಷ್ಟು ಕುಸಿಯಬಹುದು ಎಂಬುದಕ್ಕೆ ಕೆಆರ್‌ಒಎನ್ ಪ್ರಮುಖ ನಿದರ್ಶನವಾಗಿದೆ.

ಇತಿಹಾಸ

ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್ ಪತ್ರಿಕೆಯ ಪ್ರಕಾಶಕರು 1949ರ ನವೆಂಬರ್ 15ರಂದು ಈ ಕೇಂದ್ರವನ್ನು ಆರಂಭಿಸಿದರು. ಮೊದಲಿನಿಂದಲೂ ಅದು ಎನ್‌ಬಿಸಿ ಜಾಲದ ಸಂಯೋಜಿತ ಕೇಂದ್ರವಾಗಿತ್ತು. ಕೇಂದ್ರ ಮಾರಾಟಕ್ಕೆ ಬಂದಾಗ ಎನ್‌ಬಿಸಿಯೂ ಅದನ್ನು ಕೊಳ್ಳಲು ಮುಂದಾಯಿತು. ಆದರೆ ಯಂಗ್ ಬ್ರಾಡ್‌ಕಾಸ್ಟಿಂಗ್ ಸಂಸ್ಥೆ ಸುಮಾರು 82 ಕೋಟಿ ಡಾಲರ್ ಮೌಲ್ಯದ ವ್ಯವಹಾರದಲ್ಲಿ 2000ರಲ್ಲಿ ಅದನ್ನು ತನ್ನದಾಗಿಸಿಕೊಂಡಿತು. ಸಂಯೋಜನೆಯನ್ನು ಮುಂದುವರಿಸಲು ಎನ್‌ಬಿಸಿ ವಿಧಿಸಿದ ಷರತ್ತುಗಳನ್ನು ಹೊಸ ಒಡೆಯರು ಒಪ್ಪಲಿಲ್ಲ.

ಜಾಲದ ಬದಲಾವಣೆ

ಸಮೀಪದ ಸ್ಯಾನ್ ಹೋಸೆ ನಗರದ ಕೆಎನ್‌ಟಿವಿ ಕೇಂದ್ರವು ಜಾಲಕ್ಕೆ ವಾರ್ಷಿಕ ಶುಲ್ಕ ನೀಡಲು ಒಪ್ಪಿಕೊಂಡಿತು. ಅದರಂತೆ 2002ರ ಜನವರಿ 1ರಂದು ಎನ್‌ಬಿಸಿ ಕಾರ್ಯಕ್ರಮಗಳು ಅಲ್ಲಿಗೆ ವರ್ಗಾವಣೆಯಾದವು. ಅದೇ ವರ್ಷ ಎನ್‌ಬಿಸಿ 23 ಕೋಟಿ ಡಾಲರ್‌ಗೆ ಕೆಎನ್‌ಟಿವಿಯನ್ನೇ ಖರೀದಿಸಿತು. ಯಾವ ಜಾಲವೂ ಇಲ್ಲದ ಕೆಆರ್‌ಒಎನ್, ಸ್ಥಳೀಯ ಸುದ್ದಿಯ ಪ್ರಸಾರವನ್ನು ಹೆಚ್ಚಿಸಿ ಸ್ವತಂತ್ರ ಕೇಂದ್ರವಾಗಿ ಮುಂದುವರಿಯಿತು. 2006ರಲ್ಲಿ ಮೈನೆಟ್‌ವರ್ಕ್‌ಟಿವಿಯನ್ನು ಸೇರಿತು. ಯಂಗ್ ಬ್ರಾಡ್‌ಕಾಸ್ಟಿಂಗ್ 2009ರಲ್ಲಿ ದಿವಾಳಿತನದ ರಕ್ಷಣೆ ಕೋರಿ ನ್ಯಾಯಾಲಯದ ಮೊರೆಹೋಯಿತು.

ಈಚಿನ ಒಡೆತನ

2013ರಲ್ಲಿ ಯಂಗ್ ಸಂಸ್ಥೆ ಮೀಡಿಯಾ ಜನರಲ್‌ನೊಂದಿಗೆ ವಿಲೀನವಾಯಿತು. 2017ರಲ್ಲಿ ಮೀಡಿಯಾ ಜನರಲ್ ಸಂಸ್ಥೆಯನ್ನು ನೆಕ್ಸ್‌ಸ್ಟಾರ್ ಕೊಂಡುಕೊಂಡಿತು. ನೆಕ್ಸ್‌ಸ್ಟಾರ್ 2022ರಲ್ಲಿ ಸಿಡಬ್ಲ್ಯು ಜಾಲದ ಬಹುಪಾಲು ಒಡೆತನ ಪಡೆದ ಬಳಿಕ, 2023ರ ಸೆಪ್ಟೆಂಬರ್‌ನಲ್ಲಿ ಕೆಆರ್‌ಒಎನ್ ಆ ಜಾಲದ ಕೇಂದ್ರವಾಯಿತು. ಹೀಗೆ ಕೇಂದ್ರ ಮತ್ತು ಜಾಲಗಳೆರಡೂ ಒಂದೇ ಸಂಸ್ಥೆಯ ಹಿಡಿತಕ್ಕೆ ಬಂದವು.