ಯಕ್ಷ, ನಾಗ, ರಾಕ್ಷಸರೊಡನೆ ಮನುಷ್ಯರ ಕಾಳಗ: ಕನ್ನಡ ಕಥನದ ಚರಿತ್ರೆ

ಮನುಷ್ಯರಿಗೂ ಮನುಷ್ಯರಲ್ಲದ ಅದ್ಭುತ ಜೀವಿಗಳಿಗೂ ನಡೆಯುವ ಜಗಳ, ಒಪ್ಪಂದ, ಯುದ್ಧಗಳನ್ನು ಹೇಳುವ ಕಥೆಗಳಿಗೆ ಕನ್ನಡದಲ್ಲಿ ಸಾವಿರ ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಇಂಗ್ಲಿಷಿನಲ್ಲಿ ಇಂಥ ಕಥೆಗಳು ಇಂದು ಹದಿಹರೆಯದವರ ಫ್ಯಾಂಟಸಿ ಕಾದಂಬರಿ ಎಂಬ ಹೆಸರಿನಲ್ಲಿ ಒಂದೇ ಕಪಾಟಿನಲ್ಲಿ ಸಿಗುತ್ತವೆ. ಕನ್ನಡದಲ್ಲಿ ಅವು ಚಂಪೂಕಾವ್ಯ, ಸ್ಥಳಪುರಾಣ, ಅಜ್ಜಿಕಥೆ, ಬಯಲಾಟ, ಮಕ್ಕಳ ಮಾಸಪತ್ರಿಕೆ, ಆಧುನಿಕ ನಾಟಕಗಳಲ್ಲಿ ಹರಡಿಕೊಂಡಿವೆ. ಈ ಎಲ್ಲ ಪದರಗಳನ್ನು ಹತ್ತಿರದಿಂದ ಕಾಣಬಹುದಾದ ಸೀಮೆಗಳಲ್ಲಿ ದೊಡ್ಡಬಳ್ಳಾಪುರ, ದೇವನಹಳ್ಳಿ, ನೆಲಮಂಗಲ, ಹೊಸಕೋಟೆಗಳ ಬಯಲೂ ಒಂದು.

ಪರಂಪರೆಯ ಮೂಲದಲ್ಲಿರುವುದು ನಾಗರ ಯುದ್ಧ. ಅಗ್ನಿಯ ಹಸಿವು ತಣಿಸಲು ಕೃಷ್ಣಾರ್ಜುನರು ಖಾಂಡವ ವನವನ್ನು ಸುಡುತ್ತಾರೆ. ಅಲ್ಲಿ ವಾಸವಾಗಿದ್ದ ನಾಗರಾಜ ತಕ್ಷಕನ ಹೆಂಡತಿ ಅರ್ಜುನನ ಬಾಣಕ್ಕೆ ಸಿಕ್ಕಿ ಸಾಯುತ್ತಾಳೆ, ಮಗ ಅಶ್ವಸೇನ ಮಾತ್ರ ತಪ್ಪಿಸಿಕೊಳ್ಳುತ್ತಾನೆ. ಅವನೇ ಮುಂದೆ ಕುರುಕ್ಷೇತ್ರದಲ್ಲಿ ಕರ್ಣನ ಸರ್ಪಾಸ್ತ್ರವಾಗಿ ಅರ್ಜುನನ ಕೊರಳು ಹುಡುಕಿಕೊಂಡು ಬರುತ್ತಾನೆ. 941ರ ಸುಮಾರಿಗೆ ಪಂಪ ಬರೆದ ವಿಕ್ರಮಾರ್ಜುನ ವಿಜಯದಲ್ಲೂ 15ನೇ ಶತಮಾನದ ಕುಮಾರವ್ಯಾಸನ ಭಾರತದಲ್ಲೂ ಖಾಂಡವದಹನವಿದೆ; ಗಮಕಿಗಳ ಬಾಯಲ್ಲಿ ಸರ್ಪಾಸ್ತ್ರದ ಪ್ರಸಂಗ ಇಂದಿಗೂ ಮೈನವಿರೇಳಿಸುತ್ತದೆ. ಹಗೆ ಅಲ್ಲಿಗೆ ಮುಗಿಯುವುದಿಲ್ಲ. ಅರ್ಜುನನ ಮೊಮ್ಮಗ ಪರೀಕ್ಷಿತನನ್ನು ತಕ್ಷಕ ಕಚ್ಚಿ ಕೊಲ್ಲುತ್ತಾನೆ. ಅದಕ್ಕೆ ಪ್ರತಿಯಾಗಿ ಪರೀಕ್ಷಿತನ ಮಗ ಜನಮೇಜಯ ಸರ್ಪಯಾಗ ಹೂಡಿ ನಾಗಕುಲವನ್ನೇ ಬೆಂಕಿಗೆ ಹಾಕಲು ಹೊರಡುತ್ತಾನೆ. ತಲೆಮಾರುಗಳ ಈ ಯುದ್ಧವನ್ನು ನಿಲ್ಲಿಸುವವನು ಆಸ್ತೀಕ. ತಂದೆ ಋಷಿ, ತಾಯಿ ನಾಗಕನ್ಯೆ, ವಯಸ್ಸಿನಲ್ಲಿ ಇನ್ನೂ ಎಳೆಯ. ಎರಡೂ ಕಡೆಯ ರಕ್ತ ಹೊತ್ತ ಹುಡುಗನೊಬ್ಬ ಯಜ್ಞಶಾಲೆಯೊಳಗೆ ನಡೆದುಹೋಗಿ, ರಾಜನಿಂದ ವರ ಪಡೆದು, ಕುಂಡಕ್ಕೆ ಬೀಳಲಿದ್ದ ತಕ್ಷಕನನ್ನು ಉಳಿಸುತ್ತಾನೆ. ಹದಿಹರೆಯದವರ ಕಾದಂಬರಿಗೆ ಇದಕ್ಕಿಂತ ಸೊಗಸಾದ ನಾಯಕ ಬೇರೆಲ್ಲೂ ಸಿಗಲಾರ. ಹಾವಿನ ಭಯವಾದಾಗ ಆಸ್ತೀಕನ ಹೆಸರು ಹೇಳಿಕೊಳ್ಳುವ ರೂಢಿ ಇನ್ನೂ ಉಳಿದಿದೆ.

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯ ಇದೇ ನಾಗಲೋಕದ ಕಥೆಗೆ ಸೇರಿದ ಕ್ಷೇತ್ರ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ, ಮಾಕಳಿದುರ್ಗದ ಬೆಟ್ಟಸಾಲಿನ ಮಗ್ಗುಲಲ್ಲಿದೆ. ಗರುಡನ ಕಾಟಕ್ಕೆ ಬೆದರಿದ ನಾಗರಿಗೆ ಇಲ್ಲಿ ಆಶ್ರಯ ಸಿಕ್ಕಿತೆಂದು ಸ್ಥಳಪುರಾಣ ಹೇಳುತ್ತದೆ. ಒಂದೇ ಶಿಲೆಯಲ್ಲಿ ಏಳು ಹೆಡೆಯ ಸುಬ್ರಹ್ಮಣ್ಯ ಪೂರ್ವಕ್ಕೆ, ನರಸಿಂಹ ಪಶ್ಚಿಮಕ್ಕೆ ಮುಖ ಮಾಡಿದ್ದಾರೆ. ಹಿಂಬದಿಯ ನರಸಿಂಹನೂ ಕಾಣಲೆಂದು ಗರ್ಭಗುಡಿಯಲ್ಲಿ ದೊಡ್ಡ ಕನ್ನಡಿ ಇಟ್ಟಿದ್ದಾರೆ. ಹರಕೆ ಹೊತ್ತವರು ಪ್ರತಿಷ್ಠೆ ಮಾಡಿಸಿದ ನಾಗರಕಲ್ಲುಗಳು ಇಲ್ಲಿ ಸಾಲುಗಟ್ಟಿ ನಿಂತಿವೆ. ಹುತ್ತ ಅಗೆಯಬಾರದು, ನಾಗಬನದ ಮರ ಕಡಿಯಬಾರದು, ಕಡಿದರೆ ಸಂತಾನಕ್ಕೆ ಕೇಡು ಎಂಬ ನಂಬಿಕೆಯ ಹಿಂದೆ ಒಂದು ಕರಾರಿದೆ: ಇಷ್ಟು ನೆಲ ನಿಮ್ಮದು, ಇಷ್ಟು ನಮ್ಮದು. ಈ ಲೇಖನದಲ್ಲಿ ಬರುವ ಬಹುಪಾಲು ಕಥೆಗಳು ಇಂಥದೊಂದು ಕರಾರು ಮುರಿದಾಗಲೇ ಶುರುವಾಗುತ್ತವೆ.

ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಕೈವಾರವನ್ನು ಜನ ಮಹಾಭಾರತದ ಏಕಚಕ್ರಪುರವೆಂದು ನಂಬುತ್ತಾರೆ. ದಿನಕ್ಕೊಂದು ಬಂಡಿ ಅನ್ನ, ಜೊತೆಗೆ ಒಬ್ಬ ಮನುಷ್ಯ ಎಂಬುದು ಊರು ಬಕಾಸುರನ ಜೊತೆ ಮಾಡಿಕೊಂಡ ಒಪ್ಪಂದ. ಸರದಿ ಬಂದ ಬಡ ಬ್ರಾಹ್ಮಣನ ಮನೆಯ ಅಳು ಕೇಳಿ ಕುಂತಿ ಭೀಮನನ್ನು ಕಳಿಸಿದಳು; ಭೀಮ ಬಕಾಸುರನನ್ನು ಕೊಂದ.

ಜೈನ ಸಾಹಿತ್ಯ ಈ ಜೀವಿಗಳಿಗೆ ಒಂದು ವ್ಯವಸ್ಥೆಯನ್ನೇ ಕೊಟ್ಟಿತು. ಕಿನ್ನರ, ಕಿಂಪುರುಷ, ಮಹೋರಗ, ಗಂಧರ್ವ, ಯಕ್ಷ, ರಾಕ್ಷಸ, ಭೂತ, ಪಿಶಾಚ ಎಂದು ವ್ಯಂತರ ದೇವತೆಗಳು 8 ಬಗೆ. ವಡ್ಡಾರಾಧನೆಯ 19 ಕಥೆಗಳ ಲೋಕದಲ್ಲಿ ದೇವತೆಗಳು ಮನುಷ್ಯರ ನಡುವೆ ಸಲೀಸಾಗಿ ಓಡಾಡುತ್ತಾರೆ. 1209ರಲ್ಲಿ ಜನ್ನ ಬರೆದ ಯಶೋಧರ ಚರಿತೆಯಲ್ಲಿ ಮಾರಿದತ್ತ ರಾಜ ಚಂಡಮಾರಿಗೆ ಬಲಿ ಕೊಡಲು ಅಭಯರುಚಿ, ಅಭಯಮತಿ ಎಂಬ ಎಳೆಯರಿಬ್ಬರನ್ನು ತರಿಸುತ್ತಾನೆ. ಅವರು ಕಥೆ ಹೇಳಿ ಕತ್ತಿಯನ್ನು ಕೆಳಗಿಳಿಸುತ್ತಾರೆ.

ಗ್ರಂಥಗಳಿಂದ ಊರಿಗೆ ಬಂದರೆ ಈ ಕಾಳಗದ ಮುಂಚೂಣಿ ಹೆಂಗಸರ ಕೋಣೆ. ಬಾಣಂತಿಯ ತಲೆದಿಂಬಿನ ಅಡಿಯಲ್ಲಿ ಕುಡುಗೋಲೋ ಕಬ್ಬಿಣದ ಚೂರೋ ಇರುತ್ತದೆ, ಬಾಗಿಲಲ್ಲಿ ಬೇವಿನ ಸೊಪ್ಪು, ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು. ಐರ್ಲೆಂಡಿನ ಹಳ್ಳಿಗಳಲ್ಲೂ ತೊಟ್ಟಿಲ ಮಕ್ಕಳನ್ನು ಕದಿಯುವ ಕಿನ್ನರರನ್ನು ದೂರವಿಡಲು ಕಬ್ಬಿಣವನ್ನೇ ಬಳಸುತ್ತಿದ್ದರು. ಒಬ್ಬರನ್ನೊಬ್ಬರು ಕಾಣದ ಎರಡು ನಾಡುಗಳ ತಾಯಂದಿರು ಒಂದೇ ಆಯುಧ ಹಿಡಿದಿದ್ದು ವಿಶೇಷ. ಇತ್ತ ಕೆರೆ ಏರಿ, ಬೆಟ್ಟದ ತಪ್ಪಲುಗಳಲ್ಲಿ ಅಕ್ಕಯ್ಯಮ್ಮಂದಿರೆಂಬ ಏಳು ಅಕ್ಕತಂಗಿಯರ ಪೂಜೆಯಿದೆ. ಇವರು ಕಾಯುವವರೂ ಹೌದು, ಮುನಿದರೆ ಕಾಡುವವರೂ ಹೌದು. 1990ರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳಲ್ಲಿ ರಾತ್ರಿ ಬಾಗಿಲು ಬಡಿಯುವ ಮೋಹಿನಿಯ ಸುದ್ದಿ ಹಬ್ಬಿತು. ಪರಿಚಿತರ ದನಿಯಲ್ಲೇ ಕರೆಯುತ್ತಾಳೆ, ಬಾಗಿಲು ತೆರೆದರೆ ಉಳಿಗಾಲವಿಲ್ಲ ಎಂಬುದು ಮಾತು. ಜನ ಸೀಮೆಸುಣ್ಣದಲ್ಲೋ ಕೆಮ್ಮಣ್ಣಿನಲ್ಲೋ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ಓದಿ ಹಿಂದಿರುಗುವ ಅವಳು ಮರುರಾತ್ರಿ ಬಂದಾಗಲೂ ಅದೇ ಅಕ್ಷರ. ಓದಲು ಬರುವ, ಓದಿದ್ದಕ್ಕೆ ಬದ್ಧಳಾಗುವ ಈ ಮೋಹಿನಿ ಕನ್ನಡ ಕಲ್ಪನೆಯ ಅಪರೂಪದ ಸೃಷ್ಟಿ. 2018ರ ಹಿಂದಿ ಚಿತ್ರ ‘ಸ್ತ್ರೀ’ ಇದರಿಂದಲೇ ಸ್ಫೂರ್ತಿ ಪಡೆಯಿತು.

ಹಳೆ ಮೈಸೂರಿನ ಬಯಲುಸೀಮೆಯಲ್ಲಿ ಈ ಕದನವನ್ನು ಕಣ್ಣಾರೆ ತೋರಿಸಿದ್ದು ಮೂಡಲಪಾಯ ಯಕ್ಷಗಾನ. ಮುಖವೀಣೆ, ಮದ್ದಳೆ, ಭಾಗವತರ ಪದಗಳ ನಡುವೆ ಬೆಳಗಿನವರೆಗೆ ನಡೆಯುವ ‘ಕರಿಭಂಟನ ಕಾಳಗ’ ಅದರ ಹೆಸರಾಂತ ಆಟ. ದೇವರೂ ಅವತಾರವೂ ಅಲ್ಲದ ಕರಿಭಂಟ ರಾಕ್ಷಸರ ಕೈಗೆ ಸಿಕ್ಕಿ ಸಾಯುವ ಕಥೆ ಇದು. ಗೆಲ್ಲದ ನಾಯಕನಿಗಾಗಿ ಊರಿಗೆ ಊರೇ ರಾತ್ರಿಯಿಡೀ ನಿದ್ದೆಗೆಟ್ಟಿದೆ ಎನ್ನುವುದನ್ನು ಗಮನಿಸಬೇಕು.

ಎ. ಕೆ. ರಾಮಾನುಜನ್ ಸಂಗ್ರಹಿಸಿದ ಹೂವಿನ ಮರವಾಗುವ ಹುಡುಗಿಯ ಕನ್ನಡ ಜನಪದ ಕಥೆ ಈ ಪರಂಪರೆಯ ಕಿರೀಟ. ಒಂದು ಕೊಡ ನೀರು ಸುರಿದರೆ ಅವಳು ಮರವಾಗುತ್ತಾಳೆ, ಮತ್ತೊಂದು ಕೊಡ ಸುರಿದರೆ ಮನುಷ್ಯಳಾಗುತ್ತಾಳೆ. ಹೂ ಕೀಳುವಾಗ ಎಲೆ, ಕೊಂಬೆಗೆ ನೋವಾಗಬಾರದು. ನಾದಿನಿಯೂ ಅವಳ ಗೆಳತಿಯರೂ ಕೊಂಬೆಗಳನ್ನು ಮುರಿದು, ನೀರನ್ನು ಅರೆಬರೆ ಸುರಿದು ಹೋಗುತ್ತಾರೆ. ಹುಡುಗಿ ಕೈಕಾಲಿಲ್ಲದ ಬೊಡ್ಡೆಯಾಗಿ ಉಳಿಯುತ್ತಾಳೆ. ಇಲ್ಲಿ ಕೊಲ್ಲಲು ಬಂದ ರಾಕ್ಷಸ ಯಾರೂ ಇಲ್ಲ. ಕ್ರೌರ್ಯವೆಲ್ಲ ಮನುಷ್ಯರದು, ಅದೂ ಆಟದ ಹುಮ್ಮಸ್ಸಿನಲ್ಲಿ ನಡೆದದ್ದು. ಗಿರೀಶ ಕಾರ್ನಾಡರು 1992ರಲ್ಲಿ ಇದನ್ನು ‘ಚೆಲುವಿ’ ಎಂಬ ಹಿಂದಿ ಚಿತ್ರವಾಗಿಸಿದರು. ಅಮೆರಿಕದ ಸಂಗೀತಕಾರ ಜಾನ್ ಆಡಮ್ಸ್ ಇದೇ ಕಥೆಯನ್ನು ಆಧರಿಸಿ ರಚಿಸಿದ ಒಪೆರಾ 2006ರಲ್ಲಿ ವಿಯೆನ್ನಾದಲ್ಲಿ ಮೊದಲ ಪ್ರದರ್ಶನ ಕಂಡಿತು.

ಅಚ್ಚಿನ ಯುಗದಲ್ಲಿ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಮಕ್ಕಳ ಪಾಲಿಗೆ ದೊಡ್ಡ ಬಾಗಿಲು ತೆರೆಯಿತು. ಇಂಗ್ಲಿಷ್ ಕವಿ ಬ್ರೌನಿಂಗನ ಪದ್ಯದಿಂದ ಹುಟ್ಟಿದ್ದರೂ ಕೊಟ್ಟ ಮಾತು ತಪ್ಪಿದ ಗೌಡನೂ ಜಟೆಯ ಜೋಗಿಯೂ ಅಪ್ಪಟ ನಮ್ಮವರು. 1949ರಿಂದ ಕನ್ನಡದಲ್ಲಿ ಬಂದ ‘ಚಂದಮಾಮ’ ಬೇತಾಳನನ್ನೂ ಯಕ್ಷ, ರಾಕ್ಷಸ, ಮಾಂತ್ರಿಕರನ್ನೂ ತಿಂಗಳು ತಿಂಗಳು ಮನೆಗೆ ತಂದಿತು. ತೆಲುಗಿನ ದಾಸರಿ ಸುಬ್ರಹ್ಮಣ್ಯಂ ಬರೆದ, ‘ಚಿತ್ರ’ ಎಂಬ ಹೆಸರಿನ ಕಲಾವಿದರು ಚಿತ್ರ ಬರೆದ ಧಾರಾವಾಹಿಗಳು ನಿಜಾರ್ಥದಲ್ಲಿ ಹದಿಹರೆಯದವರ ಫ್ಯಾಂಟಸಿ ಕಾದಂಬರಿಗಳೇ. ಕನ್ನಡ ವಿಮರ್ಶೆ ಅವನ್ನು ಗಂಭೀರವಾಗಿ ಪರಿಗಣಿಸದಿದ್ದದ್ದು ನಷ್ಟ.

ಆಧುನಿಕ ಸಾಹಿತ್ಯದಲ್ಲಿ ಈ ಜೀವಿಗಳು ದೊಡ್ಡವರ ಕಥೆಗಳಿಗೆ ದಾಟಿದವು. ಚಂದ್ರಶೇಖರ ಕಂಬಾರರ ‘ಸಿರಿಸಂಪಿಗೆ’ಗೆ 1991ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಅವರ ‘ಚಕೋರಿ’ ಮಹಾಕಾವ್ಯದಲ್ಲಿ ಯಕ್ಷಿಯೂ ಮನುಷ್ಯನೂ ಸಂಗೀತದ ಸೆಳೆತದಲ್ಲಿ ಎದುರಾಗುತ್ತಾರೆ. ಕಾರ್ನಾಡರ ‘ನಾಗಮಂಡಲ’ದಲ್ಲಿ ನಾಗ ಗಂಡನ ರೂಪದಲ್ಲಿ ಮನೆಯೊಳಗೇ ಬರುತ್ತಾನೆ.

ಇಂಗ್ಲಿಷ್ ಕಾದಂಬರಿಗಳ ದಾರಿ ಬೇರೆ. ಹಾಲಿ ಬ್ಲ್ಯಾಕ್ ಅವರ ‘ದಿ ಕ್ರೂಯೆಲ್ ಪ್ರಿನ್ಸ್’ 2018ರಲ್ಲಿ ಬಂತು. ಕಿನ್ನರರ ಅರಮನೆಯಲ್ಲಿ ಬೆಳೆಯುವ ಮನುಷ್ಯ ಹುಡುಗಿ ಜೂಡ್ ಅದರ ನಾಯಕಿ. ಈ ಪ್ರಕಾರದ ಬೇರು ಐರಿಷ್ ಪುರಾಣದಲ್ಲಿದೆ: ಸೋತ ದೇವಕುಲದವರಿಗೆ ನೆಲದ ಅಡಿ, ಗೆದ್ದ ಮನುಷ್ಯರಿಗೆ ನೆಲದ ಮೇಲೆ ಎಂಬ ಪಾಲು. ನಾಗರ ಪಾತಾಳಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ಬೆಂಗಳೂರು ಸುತ್ತಲಿನ ಮಕ್ಕಳು ಜೂಡಳನ್ನು ಸಂತೋಷದಿಂದ ಓದಲಿ, ಆಸ್ತೀಕನನ್ನೂ ಓದುವಂತಾಗಬೇಕು.

ಅದಕ್ಕೆ ಬೇಕಾದ ಚಿಂತನೆ ಈ ನೆಲದಲ್ಲೇ ಹುಟ್ಟಿದೆ. ದೊಡ್ಡಬಳ್ಳಾಪುರದ ನೇಕಾರ ಕುಟುಂಬದಿಂದ ಬಂದ ವಿಮರ್ಶಕ ಡಿ. ಆರ್. ನಾಗರಾಜ್ (1954–1998) ಕೆಳಸಮುದಾಯಗಳ ದೇವರು, ಕೌಶಲ, ನೆನಪುಗಳು ಆಧುನಿಕತೆಯ ಕೈಯಲ್ಲಿ ಅಳಿಯುವುದನ್ನು ಆಳವಾಗಿ ಯೋಚಿಸಿದವರು. ಅವರ ‘ಸಾಹಿತ್ಯ ಕಥನ’ಕ್ಕೆ ಮರಣೋತ್ತರವಾಗಿ 1999ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಅವರ ಗೆಳೆಯ, ಕವಿ ಸಿದ್ಧಲಿಂಗಯ್ಯ ‘ಅವತಾರಗಳು’ ಪುಸ್ತಕದಲ್ಲಿ ಊರ ಸಣ್ಣ ದೈವಗಳಿಗೆ ಸಾಹಿತ್ಯದಲ್ಲಿ ದೊಡ್ಡ ಜಾಗ ಮಾಡಿಕೊಟ್ಟರು.

2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಈ ಸೀಮೆಯ ಕೆರೆ, ಗುಂಡುತೋಪು, ಬಂಡೆಗಳು ಬಡಾವಣೆಗಳಿಗೂ ಕಲ್ಲುಗಣಿಗಳಿಗೂ ಎಡೆಮಾಡಿಕೊಡುತ್ತಿವೆ. ಹುತ್ತದ ಕಥೆ ಹೇಳುವ ಅಜ್ಜಿಯರು, ಕರಿಭಂಟನ ಪದ ಬಲ್ಲ ಭಾಗವತರು ಇನ್ನೂ ಇದ್ದಾರೆ. ದೊಡ್ಡಬಳ್ಳಾಪುರದ ಶಾಲಾಕಾಲೇಜುಗಳ ಮಕ್ಕಳು ತಮ್ಮೂರಿನ ಕಥೆಗಳನ್ನು ಅವರಿಂದ ಕೇಳಿ ಈಗಲೇ ಬರೆದಿಟ್ಟುಕೊಳ್ಳಬೇಕು. ಬರೆಯಬೇಕಾದ ಕಾದಂಬರಿಗಳು ಆ ಟಿಪ್ಪಣಿಗಳಿಂದಲೇ ಹುಟ್ಟಬೇಕು.