ಶಿರಾಡಿ ಹತ್ತಿದ ಟ್ಯಾಂಕರ್‌ಗಳ ಕಾಲ

ಹೋದ ಜನವರಿಯಲ್ಲಿ ಆಫೀಸಿನ ನಾಲ್ವರು ಗೆಳೆಯರನ್ನ ಬೇಲೂರು, ಹಳೇಬೀಡು ನೋಡೋಕೆ ಕರ್ಕೊಂಡು ಹೋಗಿದ್ದೆ. 2023ರ ಸೆಪ್ಟೆಂಬರಿನಲ್ಲಿ ಹೊಯ್ಸಳರ ದೇವಸ್ಥಾನಗಳು ಯುನೆಸ್ಕೊ ಪಟ್ಟಿಗೆ ಸೇರಿದಾಗಿನಿಂದ 'ನಿಮ್ಮೂರ ಕಡೆ ಅಲ್ವಾ, ಯಾವಾಗ ಕರ್ಕೊಂಡು ಹೋಗ್ತೀಯ' ಅಂತ ಕಾಟ ಕೊಡ್ತಾನೇ ಇದ್ರು. ನಮ್ಮೂರು ಅರಸೀಕೆರೆ. ರಾತ್ರಿ ನಮ್ಮನೇಲೇ ಉಳಿದು ಬೆಳಿಗ್ಗೆ ಹೊರಟಾಗ, ಮಾಮೂಲಿಯಾಗಿ ಎಲ್ಲಿಗೂ ಬಾರದ ಅಪ್ಪ 'ನಾನೂ ಬರ್ತೀನಿ' ಅಂದ್ರು.

ಹಳೇಬೀಡು ಮುಗಿಸಿ, ಅಲ್ಲಿಂದ ಹದಿನಾರು ಕಿಲೋಮೀಟರ್ ದೂರದ ಬೇಲೂರಿಗೆ ಬಂದು ಪೆಟ್ರೋಲ್ ಹಾಕಿಸೋಕೆ ನಿಲ್ಲಿಸಿದೆ. ಬಂಕ್‌ನಲ್ಲಿ ಒಂದು ಟ್ಯಾಂಕರ್ ಅನ್‌ಲೋಡ್ ಆಗ್ತಿತ್ತು. ಎರಡು ಗಂಟೆ ಶಿಲ್ಪಗಳ ಮುಂದೆ ಸುಮ್ಮನೆ ನಿಂತಿದ್ದ ಅಪ್ಪ, ಕಾರಿನಿಂದ ಇಳಿದು ನೇರ ಟ್ಯಾಂಕರ್ ಹತ್ತಿರ ಹೋದ್ರು.

'ಎಲ್ಲಿ ಲೋಡ್ ಆಯ್ತಪ್ಪ?'

'ಹಾಸನ, ಯಜಮಾನ್ರೇ.'

'ಎಷ್ಟೊತ್ತಿಗೆ ಬಿಟ್ಟೆ?'

'ಒಂದು ಗಂಟೆ ಆಯ್ತು.'

ಅಪ್ಪ ನಕ್ಕರು. ವಾಪಸ್ ಬಂದು ಕಾರಿನಲ್ಲಿ ಕೂತು, 'ಇದೂ ಒಂದು ಟ್ರಿಪ್ಪಾ!' ಅಂದ್ರು. ಅದರಲ್ಲಿ ತಾತ್ಸಾರ ಇತ್ತೋ ಹೊಟ್ಟೆಕಿಚ್ಚು ಇತ್ತೋ ನನಗೆ ತಿಳಿಯಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಗೆಳತಿ 'ಅಂಕಲ್, ನೀವು ಟ್ಯಾಂಕರ್ ಓಡಿಸ್ತಿದ್ರಾ?' ಅಂತ ಕೇಳಿದಳು. ಅಲ್ಲಿಂದ ಬೆಂಗಳೂರು ದಾರಿ ಹಿಡಿಯುವವರೆಗೂ ಹೊಯ್ಸಳರ ಮಾತು ಬರಲೇ ಇಲ್ಲ.

ಈ ಬರಹ ಹುಟ್ಟಿದ್ದು ಅವತ್ತು. ದೇವಸ್ಥಾನ ಕಟ್ಟಿದವರ ಬಗ್ಗೆ ಬೇಕಾದಷ್ಟು ಪುಸ್ತಕಗಳಿವೆ. ಆ ಊರುಗಳ ದೀಪಕ್ಕೆ, ಪಂಪಿಗೆ, ಬಸ್ಸಿಗೆ ಎಣ್ಣೆ ಹೊತ್ತವರ ಬಗ್ಗೆ ಯಾರು ಬರೀತಾರೆ?

ಎಣ್ಣೆಯ ಲೆಕ್ಕ ಈ ಸೀಮೆಗೆ ಹೊಸದೇನಲ್ಲ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಆ ಕಾಲದ ಶಾಸನಗಳಲ್ಲಿ ದೇವರ ನಂದಾದೀಪಕ್ಕೆ ಗಾಣದಿಂದ ಇಷ್ಟು ಎಣ್ಣೆ ಅಂತ ಬಿಟ್ಟುಕೊಟ್ಟ ದತ್ತಿಗಳು ಮತ್ತೆ ಮತ್ತೆ ಸಿಗುತ್ತವೆ. ಗಾಣ ನಡೆಸುವ ತೆಲ್ಲಿಗರು ಎಷ್ಟು ಸೊಲಗೆ ಕೊಡಬೇಕು ಅನ್ನೋದನ್ನ ಕಲ್ಲಿನಲ್ಲೇ ಕೊರೆದಿಟ್ಟಿದ್ದರು. ಎಣ್ಣೆ ಅಂದ ಮೇಲೆ ಅಳತೆ, ಅಳತೆ ಅಂದ ಮೇಲೆ ಜಗಳ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆಮೇಲೆ ಬಂದದ್ದು ಸೀಮೆಎಣ್ಣೆ. ಹೆಸರೇ ಹೇಳೋ ಹಾಗೆ ಪರದೇಶದ ಎಣ್ಣೆ. ಅದು ಬರುತ್ತಿದ್ದದ್ದು ನಾಲ್ಕು ಗ್ಯಾಲನ್, ಅಂದ್ರೆ ಸುಮಾರು ಹದಿನೆಂಟು ಲೀಟರಿನ ಚೌಕ ಡಬ್ಬಗಳಲ್ಲಿ. ರೈಲಿನಲ್ಲಿ ಬಂದು, ನಿಲ್ದಾಣದಿಂದಾಚೆಗೆ ಎತ್ತಿನ ಗಾಡಿ ಹತ್ತುತ್ತಿತ್ತು. ಅರಸೀಕೆರೆ ಜಂಕ್ಷನ್ ಆಗಿದ್ದರ ಮಹತ್ವ ಅದು. ಬೇಲೂರು, ಹಳೇಬೀಡಿಗೆ ಅವತ್ತೂ ರೈಲಿರಲಿಲ್ಲ, ನಾನು ಇದನ್ನ ಬರೆಯುವ ಹೊತ್ತಿಗೂ ಇಲ್ಲ. ಈ ಎರಡು ಊರಿಗೆ ಹೊರಗಿನಿಂದ ಬಂದ ಪ್ರತಿ ಹನಿ ಎಣ್ಣೆಯೂ ರಸ್ತೆಯಲ್ಲೇ ಬಂದಿದೆ. ಖಾಲಿ ಡಬ್ಬಗಳು ನಮ್ಮಜ್ಜಿ ಕಾಲದವರೆಗೂ ಬಚ್ಚಲಲ್ಲಿ ನೀರು ತುಂಬೋಕೆ, ಕೊಟ್ಟಿಗೆಯಲ್ಲಿ ಹಿಂಡಿ ನೆನೆಸೋಕೆ ಇದ್ದವು.

ಮೋಟಾರು ಹೆಚ್ಚಿದ ಹಾಗೆ ಡಬ್ಬ ಹೋಗಿ ಟ್ಯಾಂಕರ್ ಬಂತು. ಆಗ ಬಂಕ್‌ಗಳ ಮೇಲಿದ್ದ ಹೆಸರುಗಳು ಎಸ್ಸೊ, ಬರ್ಮಾ ಶೆಲ್, ಕಾಲ್ಟೆಕ್ಸ್. ಸರ್ಕಾರ 1974ರಲ್ಲಿ ಎಸ್ಸೊವನ್ನೂ 1976ರಲ್ಲಿ ಉಳಿದೆರಡನ್ನೂ ವಹಿಸಿಕೊಂಡಿತು. ಹಿಂದೂಸ್ತಾನ್ ಪೆಟ್ರೋಲಿಯಂ, ಭಾರತ್ ಪೆಟ್ರೋಲಿಯಂ ಹುಟ್ಟಿದ್ದು ಹಾಗೆ. ಇತ್ತ 1975ರಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಉದ್ಘಾಟನೆಯಾಯಿತು. ಕಡಲಿಂದ ಬಂದ ಎಣ್ಣೆ ಘಟ್ಟ ಹತ್ತಬೇಕಿತ್ತು. ಅಪ್ಪ 1984ರಲ್ಲಿ ಕ್ಲೀನರ್ ಆಗಿ ಲಾರಿ ಹತ್ತಿದ್ದು ಆ ದಾರಿಯಲ್ಲೇ.

ಈಗ ಅಪ್ಪನ ಗಾಡಿ ಹೇಗಿತ್ತು ಅಂತ ಹೇಳ್ತೀನಿ. ಹನ್ನೆರಡು ಸಾವಿರ ಲೀಟರಿನ ಟ್ಯಾಂಕ್, ಒಳಗೆ ನಾಲ್ಕು ಚೇಂಬರ್, ಒಂದೊಂದರಲ್ಲಿ ಮೂರು ಸಾವಿರ. ಒಂದೇ ಚೇಂಬರ್ ಇದ್ದರೆ ತಿರುವಿನಲ್ಲಿ ಎಣ್ಣೆ ಎಲ್ಲಾ ಒಂದು ಪಕ್ಕಕ್ಕೆ ಹೊರಳಿ ಗಾಡಿಯನ್ನೇ ಮಗುಚಿಬಿಡುತ್ತೆ. 'ತುಂಬಿದ ಟ್ಯಾಂಕರ್‌ಗೆ ಹೆದರಬೇಡ, ಅರ್ಧ ತುಂಬಿದ್ದಕ್ಕೆ ಹೆದರು' ಅಂತ ಅಪ್ಪ ಇವತ್ತಿಗೂ ಹೇಳ್ತಾರೆ. ಸೈಲೆನ್ಸರಿನಿಂದ ಕಿಡಿ ಹಾರದ ಹಾಗೆ ತಡೆ. ಹಿಂದೆ ನೆಲಕ್ಕೆ ತಾಗುತ್ತಾ ಎಳೆಯುವ ಸರಪಳಿ. ಓಡುವಾಗ ಟ್ಯಾಂಕಿನಲ್ಲಿ ಸೇರುವ ವಿದ್ಯುತ್ತು ಭೂಮಿಗೆ ಇಳಿಯಲಿ ಅಂತ ಅದು. ಮಕ್ಕಳಾಗಿದ್ದ ನಮಗೆ ಅಪ್ಪ ಬಂದದ್ದು ಗೊತ್ತಾಗುತ್ತಿದ್ದದ್ದು ಹಾರ್ನಿನಿಂದಲ್ಲ, ಆ ಸರಪಳಿಯ ಸದ್ದಿನಿಂದ.

ಬೇರೆ ಲಾರಿಯವರು ರಸ್ತೆ ಪಕ್ಕ ಸ್ಟೌ ಹಚ್ಚಿ ಅನ್ನ ಮಾಡ್ಕೋತಿದ್ರು. ಟ್ಯಾಂಕರಿನವರಿಗೆ ಆ ಸುಖ ಇಲ್ಲ. ಬೀಡಿ ಸೇದಬೇಕಾದರೂ ಗಾಡಿ ಬಿಟ್ಟು ದೂರ ಹೋಗಬೇಕು. ಹಾಗಾಗಿ ಅವರದೆಲ್ಲ ಹೋಟೆಲ್ ಊಟ. ಗುಂಡ್ಯದಲ್ಲಿ ಊಟ ಮುಗಿಸಿದರೆ ಮುಂದೆ ಶಿರಾಡಿ ಘಾಟಿ, ಪಕ್ಕದಲ್ಲೇ ಕೆಂಪುಹೊಳೆ. ಮಳೆಗಾಲದಲ್ಲಿ ಗುಡ್ಡ ಜರಿದರೆ ಎರಡು ದಿನ ಅಲ್ಲೇ. ಒಬ್ಬರ ಟೈರು ಒಡೆದರೆ ನಾಲ್ಕು ಜನ ಇಳಿದು ಬರ್ತಿದ್ರು, ಯಾಕಂದ್ರೆ ಅವನ ಗಾಡಿ ಕದಲದಿದ್ದರೆ ಯಾರದೂ ಕದಲಲ್ಲ. ಏರಿನಲ್ಲಿ ಗಾಡಿ ನಿಂತರೆ ಕ್ಲೀನರ್ ಧುಮುಕಿ ಚಕ್ರದ ಹಿಂದೆ ಮರದ ತುಂಡು ಕೊಡಬೇಕು. ಒಂದು ಸೆಕೆಂಡ್ ತಡವಾದರೆ ಮುಗೀತು. ಅಪ್ಪನ ಎಡಗೈಯ ಎರಡು ಬೆರಳು ಪೂರ್ತಿ ಮಡಚೋಕೆ ಬಾರದೇ ಇರೋದು ಆ ಕೆಲಸದ ಬಳುವಳಿ.

ಸಕಲೇಶಪುರ ತಲುಪಿದ ಮೇಲೆ ಬೇಲೂರಿನ ರಸ್ತೆ. ಫೆಬ್ರವರಿ, ಮಾರ್ಚ್ ಬಂತೆಂದರೆ ಕಾಫಿ ತೋಟಗಳಲ್ಲಿ ಹೂವಿಗೆ ನೀರು ಹಾಯಿಸೋ ಗಡಿಬಿಡಿ, ಡೀಸೆಲ್ ಪಂಪುಗಳು ಹಗಲೂ ರಾತ್ರಿ ಓಡಬೇಕು. ಒಂದು ವಾರ ಎಣ್ಣೆ ತಡವಾದರೆ ವರ್ಷದ ಫಸಲಿಗೇ ಪೆಟ್ಟು. ಆಗ ಟ್ಯಾಂಕರ್ ಡ್ರೈವರ್ ಅಂದ್ರೆ ಬೀಗರಿಗಿಂತ ಹೆಚ್ಚು ಮರ್ಯಾದೆ. ಬೇಲೂರು, ಹಳೇಬೀಡು, ಜಾವಗಲ್ ದಾಟಿ, ಬಾಣಾವರ ಬಳಸಿ ಅರಸೀಕೆರೆ. ಇವತ್ತು ಅದು ಮಂಗಳೂರು-ತುಮಕೂರು ರಾಷ್ಟ್ರೀಯ ಹೆದ್ದಾರಿ 73. ಅವತ್ತು ಬರೀ ಗುಂಡಿ.

ಅಪ್ಪ ಮತ್ತು ಅವರ ಓರಗೆಯವರು ಸೇರಿದರೆ 'ಆ ಕಾಲ' ಅಂತ ಒಂದು ಶುರುವಾಗುತ್ತೆ. ಕೈತುಂಬ ಟ್ರಿಪ್ಪು, ಘಾಟಿ ತುಂಬ ನಮ್ಮವರೇ ಅಂತ. ಯಾವ ಕಾಲ ಅಂತ ನಾನು ವರ್ಷ ಕೇಳಿ ಕೇಳಿ ಗುರುತು ಹಾಕಿಕೊಂಡೆ. ಎಲ್ಲವೂ ಬಂದು ನಿಂತದ್ದು 1996 ಮತ್ತು 2003ರ ನಡುವೆ. ಆಗ ಇತಿಹಾಸದ ಒಂದು ತಮಾಷೆ ಕಣ್ಣಿಗೆ ಬಿತ್ತು.

1996ರಲ್ಲಿ ಎರಡು ಘಟನೆ ನಡೆದವು. ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರ ಶುರುವಾಯಿತು. ಮೊದಲ ಹಂತದಲ್ಲೇ ವರ್ಷಕ್ಕೆ 30 ಲಕ್ಷ ಟನ್ ಸಾಮರ್ಥ್ಯ. ಅದೇ ವರ್ಷ, 1979ರಿಂದ ಓಡುತ್ತಿದ್ದ ಹಾಸನ-ಮಂಗಳೂರು ಮೀಟರ್‌ಗೇಜ್ ರೈಲು ಬ್ರಾಡ್‌ಗೇಜ್ ಮಾಡಲು ನಿಂತಿತು. ಮತ್ತೆ ಗೂಡ್ಸ್ ರೈಲು ಘಟ್ಟ ಹತ್ತಿದ್ದು 2006ರಲ್ಲಿ. ಅಂದ್ರೆ ಕೆಳಗೆ ಎಣ್ಣೆಯ ನಲ್ಲಿ ತೆರೆದ ವರ್ಷವೇ ಮೇಲಕ್ಕೆ ಹೋಗುವ ಹಳಿ ಮುಚ್ಚಿತು. ಆ ಎಣ್ಣೆ ಘಟ್ಟ ಹತ್ತಬೇಕಾದರೆ ಉಳಿದದ್ದು ರಸ್ತೆ ಮತ್ತು ಅಪ್ಪನಂಥವರು.

2003ರಲ್ಲಿ ಮಂಗಳೂರು-ಹಾಸನ-ಬೆಂಗಳೂರು ಪೈಪ್‌ಲೈನ್ ಚಾಲೂ ಆಯಿತು. ಸುಮಾರು 360 ಕಿಲೋಮೀಟರ್. ಡೀಸೆಲ್, ಪೆಟ್ರೋಲ್ ನೆಲದಡಿಯಲ್ಲೇ ಪಶ್ಚಿಮಘಟ್ಟ ಹತ್ತಿ ಹಾಸನದಲ್ಲಿ ಇಳಿಯತೊಡಗಿತು. ನಿದ್ದೆಗೆಡದ, ಬ್ರೇಕ್ ಬಿಸಿಯಾಗದ, ಭತ್ಯೆ ಕೇಳದ ಡ್ರೈವರ್ ಅದು.

ಹಾಗಾಗಿ ಅಪ್ಪನ ಸುವರ್ಣಯುಗ ಅಂದ್ರೆ ಮುಚ್ಚಿದ ರೈಲಿಗೂ ಬಾರದ ಪೈಪಿಗೂ ನಡುವಿನ ಏಳು ವರ್ಷದ ಖಾಲಿ ಜಾಗ. ವ್ಯವಸ್ಥೆಯಲ್ಲಿ ಬಿದ್ದ ಒಂದು ತೂತನ್ನ ಮನುಷ್ಯರು ಮೈ ಒಡ್ಡಿ ಮುಚ್ಚಿದ್ದರು. ನಾವೂ ಐಟಿಯಲ್ಲಿ ಇದನ್ನೇ ಮಾಡ್ತೀವಲ್ಲ? ಹೊಸ ಸಿಸ್ಟಂ ಬರೋವರೆಗೆ ರಾತ್ರಿಯೆಲ್ಲ ಕೂತು ಕೈಯಾರೆ ಡೇಟಾ ತುಂಬೋ ಕೆಲಸ. ವ್ಯತ್ಯಾಸ ಇಷ್ಟೇ, ನಮ್ಮ ಬೆರಳು ಮುರಿಯಲ್ಲ.

ಹಾಗಂತ ಪೈಪ್‌ಲೈನ್ ಬರಬಾರದಿತ್ತು ಅಂತ ನಾನು ಹೇಳಲಾರೆ. 2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಮಗುಚಿ ಬೆಂಕಿ ಹೊತ್ತಿದಾಗ, ರಸ್ತೆ ಪಕ್ಕದ ಮನೆಗಳಲ್ಲಿದ್ದವರೂ ಸುಟ್ಟುಹೋದರು. ಅವತ್ತು ಟಿವಿ ಮುಂದೆ ಕೂತ ಅಪ್ಪ ಊಟ ಮಾಡಲಿಲ್ಲ. 'ಆ ತಿರುವು ನಂಗೊತ್ತು' ಅಂದ್ರು, ಅಷ್ಟೇ. ಅನಿಲಕ್ಕೂ ಪೈಪ್‌ಲೈನ್ ಬಂದದ್ದು ಅದಾದ ಮೇಲೆ.

ಇಂಗ್ಲೆಂಡಿನಲ್ಲಿ ಹಳೇ ಲಾರಿ, ಟ್ಯಾಂಕರ್‌ಗಳಿಗೆ ಬಣ್ಣ ಬಳಿದು, ಮೇಳ ಕಟ್ಟಿ, ನಿವೃತ್ತ ಡ್ರೈವರ್‌ಗಳು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ತಾರೆ. ಅಪ್ಪ ಓಡಿಸಿದ ಗಾಡಿ ಗುಜರಿಗೆ ಹೋಗಿ ಎಷ್ಟೋ ವರ್ಷ ಆಯಿತು. ನಮ್ಮ ಮನೆಯಲ್ಲಿ ಉಳಿದಿರೋದು ಒಂದು ಹಿತ್ತಾಳೆಯ ದಿಪ್ ರಾಡ್. ಕಿಡಿ ಹಾರದಿರಲಿ ಅಂತ ಹಿತ್ತಾಳೆ. ಚೇಂಬರಿಗೆ ಇಳಿಬಿಟ್ಟು ಎಣ್ಣೆಯ ಮಟ್ಟ ನೋಡುವ ಕೋಲು. ಅಮ್ಮ ಅದರಲ್ಲಿ ತೆಂಗಿನಕಾಯಿ ಕೀಳೋ ದೋಟಿ ಮಾಡ್ಕೋಬೇಕು ಅಂದಾಗ ಅಪ್ಪ ಮೂರು ದಿನ ಮಾತು ಬಿಟ್ಟಿದ್ರಂತೆ.

ಆ ಕೋಲಿಗೂ ನಮ್ಮ ಮನೆಗೂ ಒಂದು ಹಳೇ ವ್ಯಾಜ್ಯ ಇದೆ. 1998ರ ಜನವರಿ. ಮಂಗಳೂರಿನಲ್ಲಿ ಮಟಮಟ ಮಧ್ಯಾಹ್ನ ನಾಲ್ಕೂ ಚೇಂಬರ್ ಪೆಟ್ರೋಲ್ ತುಂಬಿಸಿ ಸೀಲ್ ಹಾಕಿಸಿದ್ರು. ಘಾಟಿಯಲ್ಲಿ ಯಾವುದೋ ಲಾರಿ ಅಡ್ಡ ಬಿದ್ದು ಒಂದು ರಾತ್ರಿ ಅಲ್ಲೇ, ಮಾರನೇ ರಾತ್ರಿ ಬೇಲೂರಿನ ಚಳಿಯಲ್ಲಿ. ಮೂರನೇ ದಿನ ಬೆಳಗಿನ ಜಾವ ಒಂದು ಬಂಕ್‌ನಲ್ಲಿ ದಿಪ್ ಹಾಕಿದಾಗ 110 ಲೀಟರ್ ಕಮ್ಮಿ. ಸೀಲ್ ಸರಿಯಾಗೇ ಇತ್ತು. ಆದರೂ ಬಂಕ್‌ನವರು 'ಡ್ರೈವರ್ ಕೈವಾಡ' ಅಂದ್ರು, ಲಾರಿ ಮಾಲೀಕರು ಒಂದು ಮಾತೂ ಕೇಳದೆ ಸಂಬಳದಲ್ಲಿ ಮುರಿದುಕೊಂಡರು. ಆ ತಿಂಗಳು ಅಮ್ಮ ಬಳೆ ಅಡ ಇಟ್ಟದ್ದು ನನಗೆ ನೆನಪಿದೆ. ಅದಕ್ಕಿಂತ ನೆನಪಿರೋದು ಸ್ಕೂಲಿನಲ್ಲಿ ಒಬ್ಬ ಹುಡುಗ ನನ್ನನ್ನ 'ಪೆಟ್ರೋಲ್ ಕಳ್ಳನ ಮಗ' ಅಂದದ್ದು.

ಹೋದ ತಿಂಗಳು ಒಂದು ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತು ಲೆಕ್ಕ ಹಾಕಿದೆ. ಬಿಸಿಯಾದರೆ ಹಿಗ್ಗೋದು, ತಣ್ಣಗಾದರೆ ಕುಗ್ಗೋದು ಎಲ್ಲ ದ್ರವದ ಗುಣ, ಪೆಟ್ರೋಲಿಗೆ ಅದು ಸ್ವಲ್ಪ ಜಾಸ್ತಿ. ಒಂದು ಡಿಗ್ರಿ ತಣ್ಣಗಾದರೆ ಸಾವಿರ ಲೀಟರಿನಲ್ಲಿ ಹತ್ತಿರ ಹತ್ತಿರ ಒಂದು ಲೀಟರ್ ಕುಗ್ಗುತ್ತೆ. ಅದಕ್ಕೇ ಬಂಕ್‌ಗಳಲ್ಲಿ ಸಾಂದ್ರತೆಯನ್ನ 15 ಡಿಗ್ರಿಗೆ ಪರಿವರ್ತಿಸಿ ನೋಡೋದು. ಹನ್ನೆರಡು ಸಾವಿರ ಲೀಟರ್ ಅಂದ್ರೆ ಡಿಗ್ರಿಗೆ 12 ಲೀಟರ್. ಕರಾವಳಿಯ ಮಧ್ಯಾಹ್ನಕ್ಕೂ ಎರಡು ಚಳಿ ರಾತ್ರಿ ಕಳೆದ ಮಲೆನಾಡ ಸೆರಗಿನ ಮುಂಜಾವಿಗೂ ಎಂಟೇ ಡಿಗ್ರಿ ವ್ಯತ್ಯಾಸ ಅಂತಿಟ್ಟುಕೊಳ್ಳಿ: 96 ಲೀಟರ್. ಯಾರೂ ಕದ್ದಿಲ್ಲ. ಎಣ್ಣೆ ಅಲ್ಲೇ ಇತ್ತು, ಮುದುಡಿಕೊಂಡು ಕೂತಿತ್ತು.

ಹೊಯ್ಸಳರ ಕಾಲದ ಗಾಣದವರಿಗೆ ಸೊಲಗೆಯ ಲೆಕ್ಕ ಕಲ್ಲಿನಲ್ಲಿತ್ತು, ಎದ್ದು ಬಂದು ತೋರಿಸಬಹುದಿತ್ತು. ಅಪ್ಪನ ಪರವಾಗಿದ್ದ ಲೆಕ್ಕ ಫಿಸಿಕ್ಸ್ ಪುಸ್ತಕದಲ್ಲಿತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರಿಗೆ ಅದು ಎಟುಕಲಿಲ್ಲ, ಎಟುಕುವವರು ತೆಗೆದು ನೋಡಲಿಲ್ಲ. ಬಂಗಾರದ ಕಾಲದಲ್ಲೂ ಕೊರತೆಯಾದ ಎಣ್ಣೆಯೆಲ್ಲ ಕೊನೆಗೆ ಡ್ರೈವರ್ ಜೇಬಿನಿಂದಲೇ ಹೋಗುತ್ತಿತ್ತು. 'ಆ ಕಾಲ'ದ ಕಥೆ ಹೇಳುವಾಗ ಈ ಭಾಗವನ್ನ ಅಪ್ಪನ ಗೆಳೆಯರು ಯಾರೂ ಹೇಳಲ್ಲ.

ಪೈಪ್‌ಲೈನ್ ಬಂದ ಮೇಲೆ ಅಪ್ಪ ಕೆಲವು ವರ್ಷ ಅರಸೀಕೆರೆಯಲ್ಲೇ ನೀರಿನ ಟ್ಯಾಂಕರ್ ಓಡಿಸಿದರು. ಬರಗಾಲ, ಒಣಗುತ್ತಿದ್ದ ತೆಂಗಿನ ತೋಟಗಳು. ಅರಸಿಯ ಹೆಸರಿನ ಕೆರೆಯಿಂದಲೇ ಹೆಸರು ಪಡೆದ ಊರಿಗೆ ಟ್ಯಾಂಕರಿನಲ್ಲಿ ನೀರು. 'ಒಂದು ಸುಖ ಏನಂದ್ರೆ, ನೀರಿಗೆ ಯಾರೂ ದಿಪ್ ಹಾಕಲ್ಲ' ಅಂತಿದ್ರು.

ಲೆಕ್ಕದ ಹಾಳೆ ಹಿಡಿದು ಊರಿಗೆ ಹೋದೆ. ಅಪ್ಪ ಕನ್ನಡಕ ಹಾಕಿಕೊಂಡು, ಎರಡು ಸಲ ಓದಿಸಿಕೊಂಡು ಕೇಳಿದರು. 96ರ ಮೇಲೆ ಬೆರಳಿಟ್ಟು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಅಮ್ಮನನ್ನ ಕೂಗಿ 'ಇಲ್ಲಿ ಬಾರೇ, ನಿನ್ ಮಗ ಏನೋ ತಂದವ್ನೆ' ಅಂದ್ರು. ಅಮ್ಮ ಹಾಳೆ ನೋಡಿ, ಕಣ್ಣೊರೆಸಿಕೊಂಡು, ದೇವರ ಫೋಟೊ ಹಿಂದೆ ಸಿಕ್ಕಿಸಿದರು.

ನಾನು ಸುಮ್ಮನಿರಬಹುದಿತ್ತು. ಆದರೆ ಲೆಕ್ಕದವನಿಗೆ ಬಾಯಿ ಸುಮ್ಮನಿರಲ್ಲ. 'ಅಪ್ಪ, ಕಮ್ಮಿ ಬಂದಿದ್ದು 110. ನಂಗೆ ಸಿಕ್ಕಿದ್ದು 96. ಉಳಿದ ಹದಿನಾಲ್ಕು ಲೀಟರ್?'

ಅಪ್ಪ ಕನ್ನಡಕ ತೆಗೆದು ಮಡಚಿಟ್ಟರು.

'ಆವಿ ಕಣ್ಲಾ' ಅಂದ್ರು.